ಬೇಲೂರಿನಿಂದ ಬಾರದ ಡಬ್ಬ

ನವೆಂಬರ್ 3, ಸೋಮವಾರ

ಆಫೀಸಿನಲ್ಲಿ ವರ್ಷಕ್ಕೊಂದು ಡೈರಿ ಕೊಡ್ತಾರೆ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಒಂದರಲ್ಲೂ ನಾನು ಅಕ್ಷರ ಗೀಚಿದವಳಲ್ಲ. ಈ ವರ್ಷದ್ದು ಬೀರು ಮೇಲೆ ಧೂಳು ತಿಂತಾ ಬಿದ್ದಿತ್ತು, ಇವತ್ತು ತೆಗೆದೆ. ಯಾರ ಹತ್ರಾನೂ ಹೇಳೋ ಹಾಗಿಲ್ಲ, ಹೊಟ್ಟೇಲಿ ಇಟ್ಕೊಳ್ಳೋಕೂ ಆಗ್ತಿಲ್ಲ.

ಹಾಸನದ ಆಸ್ಪತ್ರೇಲಿ ಡಾಕ್ಟರು ಅಪ್ಪನನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿ, ನನ್ನನ್ನೂ ತಮ್ಮ ಧರ್ಮೇಶನನ್ನೂ ಒಳಗೆ ಕರೆದರು. ಕ್ಯಾನ್ಸರ್. ಲಿವರ್‌ಗೂ ಹಬ್ಬಿದೆಯಂತೆ. ಆಪರೇಷನ್ ಮಾಡೋ ಹಂತ ದಾಟಿದೆ. "ನೋವಿಗೆ ಮಾತ್ರೆ ಕೊಡ್ತೀನಿ. ಉಗಾದಿ ದಾಟೋದು ಕಷ್ಟ ಅಮ್ಮ" ಅಂದರು. ಉಗಾದಿಗೆ ಇನ್ನೆಷ್ಟು ತಿಂಗಳು ಅಂತ ಬೆರಳು ಮಡಚೋಕೂ ನನ್ನ ಕೈಯಲ್ಲಿ ಆಗಲಿಲ್ಲ.

ಧರ್ಮೇಶ ಅಲ್ಲೇ ಅತ್ತುಬಿಟ್ಟ. ನಲವತ್ತು ವರ್ಷದ ಗಂಡಸು, ಬ್ಯಾಂಕ್ ಕೆಲಸ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳ್ತಾನೆ. ಬಾತ್‌ರೂಮಿಗೆ ಕರ್ಕೊಂಡು ಹೋಗಿ ಮುಖ ತೊಳೆಸಿ ಹೇಳಿದೆ, "ನೋಡು, ಹುಣ್ಣು. ಹೊಟ್ಟೇಲಿ ಹುಣ್ಣು. ಇವತ್ತಿಂದ ನಿನ್ನ ಬಾಯಲ್ಲಿ ಬೇರೆ ಮಾತು ಬರಕೂಡದು."

"ಅಕ್ಕ, ಅಪ್ಪನಿಗೆ ಗೊತ್ತಾಗಬೇಡ್ವಾ?"

"ಗೊತ್ತಾಗಿ ಏನು ಮಾಡ್ಬೇಕು? ದಿನಾ ಕೂತು ಎಣಿಸ್ಬೇಕಾ? ಸುಮ್ನಿರು."

ಅಪ್ಪ ಬೆಂಚಿನ ಮೇಲಿಂದ "ಏನಂದ್ರವ್ವ?" ಅಂದ. "ಹುಣ್ಣಂತೆ. ಖಾರ ಬಿಡ್ಬೇಕಂತೆ" ಅಂದೆ. ನನ್ನ ದನಿ ಒಂಚೂರೂ ನಡುಗಲಿಲ್ಲ. ರಿಪೋರ್ಟು ಇಂಗ್ಲಿಷಿನಲ್ಲಿದೆ, ಅಪ್ಪನಿಗೆ ಓದೋಕೆ ಬರಲ್ಲ. ಆದರೂ ನನ್ನ ಆಫೀಸಿನ ಡ್ರಾಯರಿಗೆ ಹಾಕಿ ಬೀಗ ಹಾಕ್ತೀನಿ.

ನವೆಂಬರ್ 9, ಭಾನುವಾರ

ಬೆಳಿಗ್ಗೆ ವಂದನೆಗೆ ಕೂತ್ವಿ. ಬುದ್ಧನ ಪಟಕ್ಕೂ ಬಾಬಾಸಾಹೇಬರ ಪಟಕ್ಕೂ ಅಪ್ಪಾನೇ ಹೂ ಮುಡಿಸ್ತಾನೆ. ಅಮ್ಮ ಹೋದ ಮೇಲೆ ಈ ಮನೇಲಿ ನಾವಿಬ್ಬರೇ. ಅಪ್ಪ ಪಂಚಶೀಲ ಹೇಳಿಕೊಡ್ತಾನೆ, ನಾನು ಹಿಂದೆ ಹೇಳ್ತೀನಿ. ಕೊಲ್ಲಲ್ಲ, ಕದಿಯಲ್ಲ, ತಪ್ಪು ದಾರಿ ಹಿಡಿಯಲ್ಲ. ನಾಲ್ಕನೇದು ಸುಳ್ಳು ಹೇಳಲ್ಲ ಅನ್ನೋದು. ಅದು ಬಂದಾಗ ಸುಮ್ಮನೆ ತುಟಿ ಆಡಿಸಿದೆ. ಅಪ್ಪ ಕಣ್ಣು ಮುಚ್ಚಿದ್ದ, ನೋಡಲಿಲ್ಲ.

ಆಮೇಲೆ ಪೇಪರ್ ಓದ್ತಾ ಕೂತವನು ಆಕಾಶಕ್ಕೆ ಹೋಗೋರ ಸುದ್ದಿ ನೋಡಿ, "ಆ ಮೂರು ಜನ ಏನಾದ್ರು ಅಂತ ನಂಗೆ ಗೊತ್ತೇ ಆಗ್ಲಿಲ್ಲ ಕಣವ್ವ" ಅಂದ.

"ಯಾವ ಮೂರು ಜನ?"

"ಭೀಮರಾಜ, ನಂಜಪ್ಪ, ಚಿಕ್ಕಮ್ಮ."

ನಗು ಬಂತು. ಅಪ್ಪ ಇಲ್ಲೇ ಅರಸೀಕೆರೆ ಟೆಂಟ್ ಸಿನಿಮಾದಲ್ಲಿ ಕೆಲಸಕ್ಕಿದ್ದಾಗಿನ ಕಥೆ. ಇಂಗ್ಲಿಷ್ ಪಿಕ್ಚರ್ ಬಂದರೆ ಜನಕ್ಕೆ ಅರ್ಥ ಆಗ್ತಿರಲಿಲ್ಲ. ಅಪ್ಪ ಪ್ರೊಜೆಕ್ಟರ್ ಪಕ್ಕ ಮೈಕ್ ಹಿಡ್ಕೊಂಡು ಕೂತು, ಪರದೆ ಮೇಲೆ ನಡೆಯೋದನ್ನೆಲ್ಲ ಕನ್ನಡದಲ್ಲಿ ಹೇಳ್ತಿದ್ದ. ಅವನಿಗೂ ಇಂಗ್ಲಿಷ್ ಬರ್ತಿರಲಿಲ್ಲ. ಮುಖ ನೋಡಿ ಹೇಳ್ತಿದ್ದನಂತೆ. ಆ ಹೆಸರುಗಳು ಜನದ ಬಾಯಲ್ಲಿ ತಿರುಗಲ್ಲ ಅಂತ ತಾನೇ ಹೆಸರಿಡ್ತಿದ್ದ. ಎಂಬತ್ತೊಂದರಲ್ಲಿ ಒಂದು ಹಡಗಿನ ಪಿಕ್ಚರ್ ಬಂತಂತೆ. ನೀರಿನ ಹಡಗಲ್ಲ, ಆಕಾಶದ್ದು. ಅದರ ಕ್ಯಾಪ್ಟನ್ ಭೀಮರಾಜ, ಇಂಜಿನ್ ನೋಡ್ಕೊಳ್ಳೋನು ನಂಜಪ್ಪ, ಡಾಕ್ಟರ್ ಹೆಂಗಸು ಚಿಕ್ಕಮ್ಮ. ಶನಿಗ್ರಹದ ಹತ್ರ ಹೋಗಿ ವಾಪಸ್ ಬರೋವಾಗ ಕಲ್ಲು ಬಡಿದು ಹಡಗಿನ ಗಾಳಿ ಸೋರೋಕೆ ಶುರುವಾಗುತ್ತೆ.

"ಅಲ್ಲಿಗೆ ಎರಡನೇ ಡಬ್ಬದ ರೀಲು ಮುಗೀತು. ಮೂರನೇದು ಬರ್ಲೇ ಇಲ್ಲ. ಬೇಲೂರು ಟೆಂಟಲ್ಲಿ ಓಡಿ ನಮಗೆ ಬರ್ಬೇಕಾಗಿದ್ದು ಅದು. ಬಸ್ಸಿನ ಟಾಪ್ ಮೇಲೆ ಹಾಕಿದ ಮೂರು ಡಬ್ಬದಾಗೆ ಎರಡೇ ಇಳಿದ್ವು. ಇನ್ನೊಂದನ್ನ ಹಳೇಬೀಡಲ್ಲಿ ಬಾಳೆಕಾಯಿ ಬುಟ್ಟಿ ಜೊತೆ ಇಳಿಸ್ಬುಟ್ಟಿದ್ರಂತೆ. ಮಾರನೇ ದಿನ ಸಿಕ್ಕಿ, ಹಂಗೇ ಬೆಂಗಳೂರಿಗೆ ವಾಪಸ್ ಹೋಯ್ತು."

"ಮತ್ತೆ ಅವತ್ತು ಜನಕ್ಕೆ ಏನು ಹೇಳ್ದೆ?"

"ಏನೋ ಹೇಳ್ದೆ ಬಿಡು." ಪೇಪರ್ ಮಡಿಸಿಟ್ಟ. "ಬೇಲೂರು ಟೆಂಟ್ ನಡೆಸ್ತಿದ್ದ ವೆಂಕಟರಾಮಯ್ಯನೋರು ಇನ್ನೂ ಅವ್ರಂತೆ. ಅವ್ರು ಕೊನೇವರ್ಗೂ ನೋಡವ್ರೆ. ಹೋಗಿ ಕೇಳ್ಕೊಂಡು ಬರಾನ. ಬಸ್ಸಲ್ಲಿ ಎರಡು ಗಂಟೆ ದಾರಿ."

ಅಲ್ಲ, ಇವನಿಗೆ ತಲೆ ಕೆಟ್ಟಿದೆಯಾ? ಜಾವಗಲ್ ದಾಟಿದ ಮೇಲೆ ಆ ರೋಡು, ಆ ಬಸ್ಸು! "ಹುಣ್ಣು ವಾಸಿ ಆಗ್ಲಿ, ಆಮೇಲೆ ಹೋಗೋಣ" ಅಂದೆ.

ನವೆಂಬರ್ 14, ಶುಕ್ರವಾರ

ಮತ್ತೆ ಬೇಲೂರು. ರೈಲ್ವೆ ಸ್ಟೇಷನ್ ತನಕ ನಡೆದು ಬಂದು ಬೆವರು ಒರೆಸಿಕೊಳ್ತಾ, "ನಾನೊಬ್ನೇ ಹೋಗಿ ಬತ್ತೀನಿ" ಅಂತಾನೆ. ಬೈದೆ. ಅವನು ಎಲ್ಲಾದರೂ ಹೋಗಿ, ಅಲ್ಲಿ ಯಾರೋ ಮುಖ ನೋಡಿ "ಏನ್ರೀ ಇಷ್ಟು ಇಳಿದು ಹೋಗಿದ್ದೀರಾ" ಅಂದು, ಅಲ್ಲಿಂದ ಎಲ್ಲ ಬಯಲಾಗುತ್ತೆ. ಇಲ್ಲೇ ಇದ್ದರೆ ನನ್ನ ಕಣ್ಣಳತೆಯಲ್ಲಿ ಇರ್ತಾನೆ.

"ಫೋನಿನಲ್ಲಿ ಎಲ್ಲ ಪಿಕ್ಚರೂ ಸಿಗುತ್ತೆ ಅಪ್ಪ. ನಾನೇ ನೋಡಿ ಹೇಳ್ತೀನಿ. ಅದಕ್ಕೆ ಬೇಲೂರಿಗೆ ಯಾಕೆ ಹೋಗ್ಬೇಕು?"

"ನೋಡಿ ಹೇಳ್ತೀಯಾ?" ಅಂದ. ಬೇಜಾರು ಮಾಡ್ಕೊಂಡನೋ ಖುಷಿಪಟ್ಟನೋ ಗೊತ್ತಾಗಲಿಲ್ಲ.

ನವೆಂಬರ್ 19, ಬುಧವಾರ

ಸಿಕ್ತು. ಮೂರು ದಿನ ಹುಡುಕಿದೆ. ಊಟದ ಹೊತ್ತಲ್ಲಿ ರೆಕಾರ್ಡ್ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಕೊನೇ ಅರ್ಧ ಗಂಟೆ ನೋಡಿದೆ.

ಒಬ್ಬರೂ ಬದುಕಲ್ಲ.

ನಂಜಪ್ಪ ಹಿಂದಿನ ಕೋಣೆಗೆ ಹೋಗಿ ಸೋರೋ ಜಾಗ ಮುಚ್ತಾನೆ. ಬಾಗಿಲನ್ನ ಒಳಗಿಂದಾನೇ ಹಾಕ್ಕೋಬೇಕು, ಹಾಕ್ಕೊಂಡು ಅಲ್ಲೇ ಉಳೀತಾನೆ. ಭೀಮರಾಜ ತನ್ನ ಪಾಲಿನ ಗಾಳಿ ಬಿಟ್ಟುಕೊಟ್ಟು, ಕುರ್ಚೀಲಿ ನಿದ್ದೆ ಹೋದವನ ಹಾಗೆ ಹೋಗ್ತಾನೆ. ಚಿಕ್ಕಮ್ಮ ಒಬ್ಬಳೇ ಭೂಮಿ ಹತ್ರದವರೆಗೂ ಬರ್ತಾಳೆ. ಹಡಗಿಗೆ ವೇಗ ತಗ್ಗಿಸೋಕೆ ಆಗಲ್ಲ. ಭೂಮಿ ಪಕ್ಕದಲ್ಲೇ ಹಾದು ಮುಂದಕ್ಕೆ ಹೊರಟುಹೋಗುತ್ತೆ. ಅವಳು ರೇಡಿಯೋ ಹಿಡಿದು ಕಿಟಕೀಲಿ ಕಂಡಿದ್ದನ್ನೆಲ್ಲ ಹೇಳ್ತಾ ಇರ್ತಾಳೆ. ಪರದೆ ಕಪ್ಪಾದ ಮೇಲೂ ಅವಳ ದನಿ ಸ್ವಲ್ಪ ಹೊತ್ತು ಕೇಳುತ್ತೆ. ಆಮೇಲೆ ಅದೂ ಇಲ್ಲ.

ಹಳೇ ಫೈಲುಗಳ ಮಧ್ಯ ಕೂತು ಅತ್ತೆ. ಎಂಥಾ ದರಿದ್ರ ಪಿಕ್ಚರು! ಇದನ್ನ ಮಾಡಿದವರಿಗೆ ಬೇರೆ ಕೆಲಸ ಇರಲಿಲ್ವಾ?

ನವೆಂಬರ್ 20, ಗುರುವಾರ

"ಪಿಕ್ಚರ್ ನೋಡ್ದ್ಯಾ?" ಅಂದ ಅಪ್ಪ. "ಇನ್ನೂ ಇಲ್ಲ" ಅಂದೆ.

ನವೆಂಬರ್ 23, ಭಾನುವಾರ

ಇವತ್ತು ಆ ಕೆಲಸ ಮುಗಿಸಿದೆ. ವಂದನೆ ಆದ ಮೇಲೆ, ಅವನು ಕೇಳೋಕೆ ಮುಂಚೆ ನಾನೇ ಶುರು ಮಾಡಿದೆ.

ಚಿಕ್ಕವರಿದ್ದಾಗ ಅಮ್ಮ ನಮ್ಮಿಬ್ಬರನ್ನ ಮಲಗಿಸೋಕೆ ಈ ಹಡಗಿನ ಕಥೆ ಹೇಳ್ತಿದ್ದಳು. ಅಪ್ಪ ಸೆಕೆಂಡ್ ಶೋ ಮುಗಿಸಿ ಬರೋಷ್ಟೊತ್ತಿಗೆ ನಮಗೆ ನಿದ್ದೆ. ಅಮ್ಮನ ಕಥೆಯಲ್ಲಿ ಮೂವರೂ ನಮ್ಮೂರ ಕಂತೇನಹಳ್ಳಿ ಕೆರೆಗೆ ಬಂದು ಬೀಳ್ತಾರೆ, ಊರೋರೆಲ್ಲ ತೆಪ್ಪ ತಗೊಂಡು ಹೋಗ್ತಾರೆ. ಮಕ್ಕಳಿಗೆ ಅಂತ ಅಮ್ಮ ಚೆನ್ನಾಗಿ ಕಟ್ಟಿದ್ದಳು. ಅದನ್ನೇ ತಗೊಂಡು, ಕೆರೆ ತೆಗೆದು ಸಮುದ್ರ ಹಾಕಿ, ತೆಪ್ಪ ತೆಗೆದು ದೊಡ್ಡ ಹಡಗು ಹಾಕಿ ಹೇಳಿಬಿಟ್ಟೆ. ಮೂವರೂ ಬದುಕಿದರು. ಭೀಮರಾಜನಿಗೆ ಹಾರ ಹಾಕಿದರು. ಚಿಕ್ಕಮ್ಮ ಅತ್ತಳು. ಹೇಳ್ತಾ ಹೇಳ್ತಾ ನನಗೇ ಹುರುಪು ಬಂದು, ಅಮ್ಮನ ಕಥೆಯಲ್ಲಿದ್ದ ಹಾಗೇ, "ನಂಜಪ್ಪ ನೀರಿಂದ ಎದ್ದವನೇ ಮೊದಲು ಒಂದು ಬೀಡಿ ಕೇಳ್ದ" ಅಂತಾನೂ ಸೇರಿಸಿದೆ.

ಅಪ್ಪ ನನ್ನನ್ನೇ ನೋಡಿದ. "ಹೌದಾ?" ಅಂದ. "ಹೂಂ ಮತ್ತೆ" ಅಂದೆ. ಗೋಡೆ ಕಡೆ ತಿರುಗಿ ಮಲಗಿದ.

ಸದ್ಯ, ಬೇಲೂರಿನ ಕಾಟ ತಪ್ಪಿತು. ಯಾರಿಗೆ ಏನು ಹೇಳ್ಬೇಕು, ಎಷ್ಟು ಹೇಳ್ಬೇಕು ಅನ್ನೋದು ನನಗೆ ಗೊತ್ತು. ಧರ್ಮೇಶನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಅವನು "ಒಳ್ಳೇದಾಯ್ತು ಬಿಡಕ್ಕ" ಅಂದ. ದನಿಯಲ್ಲಿ ಜೀವ ಇರಲಿಲ್ಲ.

ಡಿಸೆಂಬರ್ 6, ಶನಿವಾರ

ಬಾಬಾಸಾಹೇಬರ ಪರಿನಿಬ್ಬಾಣ ದಿನ. ಪ್ರತಿ ವರ್ಷ ಅವರ ಹೆಸರಿನ ಭವನದಲ್ಲಿ ಮೈಕ್ ಮುಂದೆ ನಿಲ್ಲೋನು ಅಪ್ಪ. ಈ ಸಲ ಹೊರಟು, ಅರ್ಧ ಬೀದಿಗೆ ಹೋಗಿ ವಾಪಸ್ ಬಂದ. ಉಸಿರು ಕಟ್ಟುತ್ತೆ ಅಂದ. ಹೋದ ತಿಂಗಳು ಸ್ಟೇಷನ್ ತನಕ ಹೋಗಿ ಬರ್ತಿದ್ದವನು.

ಭವನದಿಂದ ನಾಲ್ಕು ಜನ ನೋಡೋಕೆ ಬಂದರು. ಬಾಗಿಲಲ್ಲೇ ನಿಲ್ಲಿಸಿ ವಿಷಯ ಹೇಳಿ, ಅಪ್ಪನ ಮುಂದೆ "ಹುಣ್ಣು" ಅಂತಾನೇ ಅನ್ನಬೇಕು ಅಂತ ಎಲ್ಲರಿಗೂ ಪಾಠ ಮಾಡಿ ಒಳಗೆ ಬಿಟ್ಟೆ. ಅವರೂ ಹಾಗೇ ಹೇಳಿ, ಕಾಫಿ ಕುಡಿದು ಹೋದರು. ಯಾರೂ ಅವನ ಮುಖ ನೆಟ್ಟಗೆ ನೋಡಲಿಲ್ಲ.

ಸಂಜೆ ಅಪ್ಪ, "ಲತಾ, ಬೇಲೂರಿಗೊಂದ್ಸಲ ಹೋಗ್ಬುಡಾನ ಕಣವ್ವ" ಅಂದ.

"ಪಿಕ್ಚರ್ ಕಥೆ ಹೇಳಾಯ್ತಲ್ಲ, ಇನ್ನೇನು?"

"ಅದಿರ್ಲಿ. ನೋಡ್ಕೊಂಡು ಬರಾನ."

"ಸಂಕ್ರಾಂತಿ ಕಳೀಲಿ, ಮೈಗೆ ಸ್ವಲ್ಪ ಶಕ್ತಿ ಬರ್ಲಿ" ಅಂದೆ. ಬಾಯಿಗೆ ಬಂದಿದ್ದು ಹಾಗೇ ಹೇಳಿಬಿಟ್ಟೆ.

ಡಿಸೆಂಬರ್ 17, ಬುಧವಾರ

ಎರಡೂ ಪಾದ ಊದಿಕೊಂಡಿದೆ. ಚಪ್ಪಲಿ ಹಿಡಿಸ್ತಿಲ್ಲ. ಉಪ್ಪು ಜಾಸ್ತಿ ಆಗಿದ್ದಕ್ಕೆ ಅಂತ ಹೇಳಿದ್ದೀನಿ.

ಡಿಸೆಂಬರ್ 28, ಭಾನುವಾರ

ಮಧ್ಯಾಹ್ನ ಮೂರು ಗಂಟೆ. ಅಪ್ಪ ಒಳಗೆ ಮಲಗಿದ್ದಾನೆ, ನಿದ್ದೆ ಮಾಡ್ತಿಲ್ಲ.

ಬೆಳಿಗ್ಗೆ ಹೂ ಮುಡಿಸೋಕೆ ಅವನಿಗೆ ಏಳೋಕಾಗಲಿಲ್ಲ, ನಾನೇ ಮುಡಿಸಿದೆ. ದಿಂಬಿಗೆ ಒರಗಿಕೊಂಡೇ ಪಂಚಶೀಲ ಹೇಳಿಕೊಟ್ಟ. ಮೂರನೇದು ಆಯ್ತು. ನಾಲ್ಕನೇದು ಹೇಳಿ ನಿಲ್ಲಿಸಿದ. ನಾನು ಯಾವಾಗಿನ ಹಾಗೆ ತುಟಿ ಆಡಿಸಿದೆ. ಅವನು ಐದನೇದಕ್ಕೆ ಹೋಗಲಿಲ್ಲ.

"ಬಾಯ್ಬಿಟ್ಟು ಹೇಳು."

"ಹೇಳಿದ್ನಲ್ಲ."

"ಇಲ್ಲ. ಎರಡು ತಿಂಗಳಿಂದ ನಾಲ್ಕನೇದು ನಿನ್ನ ಗಂಟಲಿಂದ ಹೊರಡ್ತಿಲ್ಲ. ಇಪ್ಪತ್ತು ವರ್ಷ ಮೈಕ್ ಹಿಡಿದೋನು ನಾನು, ನಂಗೆ ಕಿವಿ ಕೇಳ್ಸಲ್ವಾ?"

ಏನೋ ಕೆಮ್ಮು ಅಂದೆ. ನೆಗಡಿ ಅಂದೆ. ಅವನು ನನ್ನ ಮಾತು ಮುಗಿಯೋ ತನಕ ಕಾದು ಹೇಳಿದ, "ನಂಜಪ್ಪ ಬೀಡಿ ಕೇಳಿದ್ದು ನಾನು ಕಟ್ಟಿದ್ದು ಕಣವ್ವ."

ನನಗೆ ಅರ್ಥ ಆಗಲಿಲ್ಲ.

"ಅವತ್ತು ಡಬ್ಬ ಬರ್ಲಿಲ್ಲ. ಟೆಂಟ್ ತುಂಬ ಜನ ಕೂಗಾಡ್ತಾವ್ರೆ. ಲೈಟ್ ಹಾಕ್ಸಿ, ಮೈಕಲ್ಲಿ ಬಾಯಿಗೆ ಬಂದಂಗೆ ಹೇಳ್ದೆ. ಕಂತೇನಹಳ್ಳಿ ಕೆರೆಗೆ ಬಿದ್ರು, ತೆಪ್ಪದಲ್ಲಿ ಹೋದ್ರು, ನಂಜಪ್ಪ ಬೀಡಿ ಕೇಳ್ದ. ಬಿಳೀ ಪರದೆ ಮುಂದೆ ಕೂತು ಜನ ಚಪ್ಪಾಳೆ ಹೊಡುದ್ರು. ನಿಮ್ಮಮ್ಮನೂ ಹೆಂಗಸರ ಸೈಡಲ್ಲಿ ಕೂತಿದ್ಲು. ಅದು ಸುಳ್ಳು ಅಂತ ಅವಳಿಗೂ ನಾನು ಹೇಳ್ಲಿಲ್ಲ, ನಾಚ್ಕೆ ಆಯ್ತು." ಸ್ವಲ್ಪ ಸುಧಾರಿಸಿಕೊಂಡ. "ಹೋದ್ ತಿಂಗ್ಳು ನೀನು ಅದನ್ನೇ ನಂಗೆ ಹೇಳ್ದಾಗ, ನೋಡೋಕೆ ಸೋಮಾರಿತನ ಮಾಡವ್ಳೆ ಅಂದ್ಕೊಂಡೆ. ಆಮೇಲೆ ಈ ನಾಲ್ಕನೇದನ್ನ ಗಮನಿಸ್ದೆ. ಈಗ ಕಾಲು ನೋಡ್ತೀನಿ. ಉಪ್ಪಿಗೆ ಹಿಂಗೆ ಊದ್ಕೊಳ್ಳಲ್ಲ. ಏನಾಗೈತೆ ನಂಗೆ?"

ಹೇಳಿದೆ. ಕ್ಯಾನ್ಸರ್ ಅಂದೆ. ಆ ಪದ ಈ ಮನೆಯೊಳಗೆ ಮೊದಲ ಸಲ ಬಂತು.

"ಯಾವತ್ತು ಗೊತ್ತಾಯ್ತು?"

"ನವೆಂಬರ್ ಮೂರು."

ಅಳ್ತಾನೆ ಅಂದ್ಕೊಂಡಿದ್ದೆ. ಎದೆ ಹಿಡ್ಕೊಳ್ತಾನೆ ಅಂದ್ಕೊಂಡಿದ್ದೆ. ಅದಕ್ಕೆಲ್ಲ ನಾನು ತಯಾರಾಗಿದ್ದೆ. ಅಪ್ಪ ಸಿಟ್ಟು ಮಾಡಿಕೊಂಡ. ಅವನ ಮುಖದಲ್ಲಿ ಅಂಥ ಸಿಟ್ಟು ನಾನು ನೋಡಿಯೇ ಇಲ್ಲ.

"ಆಗ ನಂಗೆ ಕಾಲಿತ್ತು! ಒಂದು ತಿಂಗ್ಳು ಪೂರಾ ಕಾಲಿತ್ತು ನಂಗೆ! ಯಾರ್ನ ಕೇಳಿ ತಿಂದುಬುಟ್ಟೆ ಅದನ್ನ?"

"ನೀನು ಹೆದರ್ಕೊಳ್ತೀಯ ಅಂತ ಅಪ್ಪ..."

"ಹೆದರ್ಕೊಳ್ತಿದ್ದೆ. ಹೆದರ್ಕೊಂಡೇ ಹೋಗಿ ಬತ್ತಿದ್ದೆ. ಎಂಟು ದಿಕ್ಕಿಗೂ ಹೋಗಿ ಬತ್ತಿದ್ದೆ. ಎದ್ದೋಗು ಇಲ್ಲಿಂದ."

ಎದ್ದು ಬಂದೆ.

ಡಿಸೆಂಬರ್ 29

ಮಾತಿಲ್ಲ. ಗಂಜಿ ಕುಡಿಸೋಕೆ ಹೋದರೆ ಲೋಟ ತಾನೇ ಇಸ್ಕೊಂಡ.

ಡಿಸೆಂಬರ್ 30

ಮಾತಿಲ್ಲ. ರಜಾ ಹಾಕಿದೆ. ಧರ್ಮೇಶನಿಗೆ ಫೋನ್ ಮಾಡಿ, ನಾನೇ ತಪ್ಪು ಮಾಡ್ದೆ ಕಣೋ ಅಂದೆ. ಅವನು "ನಾನೂ ಸುಮ್ನಿದ್ದೆನಲ್ಲಕ್ಕ" ಅಂದ.

ಜನವರಿ 1, ಗುರುವಾರ

ಇವತ್ತು ಮಾತಾಡಿದ. ಬೆಳಿಗ್ಗೆ ಬಿಸಿನೀರಲ್ಲಿ ಕಾಲು ಒರೆಸ್ತಿದ್ದೆ.

"ಎಷ್ಟು ದಿನ ಅಂದ್ರು?"

"ಉಗಾದಿ ದಾಟೋದು ಕಷ್ಟ ಅಂದ್ರು." ನಿಧಾನಕ್ಕೆ ಹೇಳೋಣ ಅಂತ ಕೂಡ ಅನ್ನಿಸಲಿಲ್ಲ.

"ಹೂಂ. ಇನ್ನೇನು ಮುಚ್ಚಿಟ್ಟಿದ್ದೀಯ?"

ಎಲ್ಲ ಹೇಳಿದೆ. ಡ್ರಾಯರಿನಲ್ಲಿರೋ ರಿಪೋರ್ಟು, ಗ್ಯಾಸ್ಟ್ರಿಕ್ ಮಾತ್ರೆ ಅಂತ ಕೊಡ್ತಿದ್ದಿದ್ದು ನೋವಿನ ಮಾತ್ರೆ ಅನ್ನೋದು, ಭವನದವರಿಗೆಲ್ಲ ಗೊತ್ತಿರೋದು. ಕೊನೆಗೆ ಪಿಕ್ಚರ್. ಅದನ್ನ ಹೇಳೋದೇ ಕಷ್ಟ ಆಯ್ತು, ಯಾಕೋ. ನಂಜಪ್ಪ ಬಾಗಿಲು ಹಾಕ್ಕೊಂಡಿದ್ದು ಹೇಳಿದೆ. "ಅವ್ನು ಹಂಗೇ" ಅಂದ, ಪರಿಚಯದವನ ಬಗ್ಗೆ ಅನ್ನೋ ಹಾಗೆ. ಭೀಮರಾಜನದು ಕೇಳಿ ತಲೆ ಆಡಿಸಿದ. ಚಿಕ್ಕಮ್ಮನ ವಿಷಯ ಬಂದಾಗ ನಾನು ಮತ್ತೆ ಬಟ್ಟೆ ಹಿಂಡೋಕೆ ಶುರು ಮಾಡಿದೆ.

"ಹೇಳು."

"ಭೂಮಿ ಪಕ್ಕ ಹಾದು ಹೋಗಿಬಿಡ್ತಾಳೆ ಅಪ್ಪ. ಇಳಿಯೋಕೆ ಆಗಲ್ಲ. ಕಂಡಿದ್ದನ್ನೆಲ್ಲ ರೇಡಿಯೋದಲ್ಲಿ ಹೇಳ್ತಾ ಹೋಗ್ತಾಳೆ."

"ಯಾರಾದ್ರೂ ಕೇಳಿಸ್ಕೊಂಡ್ರಾ?"

"ತೋರಿಸಲ್ಲ."

"ಕೊನೇವರ್ಗೂ ಹೇಳಿದ್ಲಾ? ನಿಲ್ಲಿಸ್ಲಿಲ್ವಾ?"

"ನಿಲ್ಲಿಸ್ಲಿಲ್ಲ."

ಅಪ್ಪನ ಕಣ್ಣಲ್ಲಿ ನೀರು ಬಂತು. "ಭೇಷ್" ಅಂದ. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಧರ್ಮೇಶನ ಕಾರು ಯಾವತ್ತು ಬಿಡುವಾಗುತ್ತೆ ಕೇಳು ಅಂದ. ಡಾಕ್ಟರನ್ನ ಕೇಳಬೇಕು ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಫೋನ್ ಮಾಡಿದೆ.

ಜನವರಿ 4, ಭಾನುವಾರ

ಬೇಲೂರಿಗೆ ಹೋಗಿ ಬಂದ್ವಿ. ಅಪ್ಪನಿಗೆ ಮಾತ್ರೆ ಕೊಟ್ಟು ಮಲಗಿಸಿ ಬರೀತಿದ್ದೀನಿ. ಇನ್ನೂ ಬೆಳಕಿದೆ.

ಹಿಂದಿನ ಸೀಟಲ್ಲಿ ಎರಡು ದಿಂಬು, ಒಂದು ರಗ್ಗು. ಜಾವಗಲ್ ದಾಟಿದ ಮೇಲೆ ಪ್ರತಿ ಗುಂಡಿಗೂ ಹಲ್ಲು ಕಚ್ತಿದ್ದ, ಬಾಯಲ್ಲಿ ಮಾತ್ರ "ಹೋಗು, ಹೋಗು" ಅಂತಿದ್ದ. ಹಳೇಬೀಡಿನ ಬಸ್ ಸ್ಟ್ಯಾಂಡ್ ಹತ್ರ ಗಾಜು ಇಳಿಸು ಅಂದ. ಹಣ್ಣಿನ ಗಾಡಿಗಳನ್ನ ಒಂದು ನಿಮಿಷ ನೋಡಿ, "ನಡಿ" ಅಂದ.

ವೆಂಕಟರಾಮಯ್ಯನವರ ಮನೆ ಬೇಲೂರಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿದೆ. ಜಗಲಿ, ಜಗಲಿಗೆ ನಾಲ್ಕು ಮೆಟ್ಟಿಲು. ಧರ್ಮೇಶ ಹೋಗಿ, ಅಪ್ಪ ಕಾರಲ್ಲಿದ್ದಾನೆ ಅಂತ ಹೇಳಿದ. ಎಂಬತ್ತು ದಾಟಿದ ಮನುಷ್ಯ, ಮೊಮ್ಮಗಳು ಹಿತಾಳ ಕೈ ಹಿಡ್ಕೊಂಡು ತಾವೇ ಬೀದಿಗೆ ಇಳಿದು ಬಂದು ಕಾರಿನ ಕಿಟಕಿಗೆ ಬಗ್ಗಿದರು. ಆ ಹುಡುಗಿ ಕುರ್ಚಿ ತಂದು ಹಾಕಿದಳು.

"ಗಿಡ್ಡಯ್ಯನವರೇ, ನೀವಾ? ಏನ್ರೀ ಇದು, ಹೀಗಾಗಿಬಿಟ್ಟಿದ್ದೀರಿ?"

"ಕ್ಯಾನ್ಸರ್ರು ಸ್ವಾಮಿ. ಕೊನೇದು. ಅದಕ್ಕೆ ನೋಡ್ಕೊಂಡು ಹೋಗಾನ ಅಂತ ಬಂದೆ."

ಅವರು ಅಪ್ಪನ ಕೈ ಹಿಡ್ಕೊಂಡರು. ಆಮೇಲೆ ಆ ಹಡಗಿನ ಪಿಕ್ಚರ್ ಮಾತು ಬಂತು. ಕೇಳಿದ ಕೂಡಲೇ ಅವರಿಗೆ ನಗು ತಡೆಯೋಕಾಗಲಿಲ್ಲ.

"ಅಯ್ಯೋ, ಅದೇನು ಉಗಿಸಿದ್ರಿ ಮಾರಾಯರೇ ನನಗೆ! ನಿಮ್ಮೂರಲ್ಲಿ ನೆಂಟರಿದ್ದೋರೆಲ್ಲ ಬಂದು, ಅರಸೀಕೆರೇಲಿ ಮೂವರೂ ಬದುಕಿ ಬಂದ್ರಂತೆ, ನೀನ್ಯಾಕೆ ಆ ಸೀನ್ ಕತ್ತರಿಸಿ ಸಾಯ್ಸಿದ್ದು ಅಂತ ಜಗಳ. ಆರು ತಿಂಗಳು! ಸಂತೆಯಲ್ಲಿ ಅಡ್ಡ ಹಾಕಿ ಬೈದ್ರು. ಕೊನೆಗೆ ನಾನೇ ಒಪ್ಕೊಂಡೆ, ಹೌದಪ್ಪ, ಕತ್ತರಿಸ್ದೆ ಅಂತ."

ಅಪ್ಪ ನಕ್ಕ. ಹೊಟ್ಟೆ ಹಿಡ್ಕೊಂಡು, ನೋವಾಗಿ, ನಿಲ್ಲಿಸಿ, ಮತ್ತೆ ನಕ್ಕ. ನಲವತ್ತೈದು ವರ್ಷದಿಂದ ಹೊತ್ತಿದ್ದನ್ನ ಇಳಿಸಿದ ಹಾಗೆ ಅವನ ಹೆಗಲು ಸಡಿಲ ಆಯ್ತು. ಧರ್ಮೇಶನೂ ನಕ್ಕ. ನಾನೂ ನಕ್ಕೆ.

ಆಮೇಲೆ ವೆಂಕಟರಾಮಯ್ಯನವರು ಕುರ್ಚಿಯಿಂದ ಎದ್ದು, "ಬನ್ನಿ, ಒಳಗೆ ಬನ್ನಿ. ಹಾಲ್‌ನಲ್ಲಿ ಕೂತು ಕಾಫಿ ಕುಡಿಯೋಣ" ಅಂದರು.

ಅಪ್ಪನ ನಗು ನಿಂತಿತು. ಆ ದಿನಗಳಲ್ಲಿ ಡಬ್ಬ ಒಯ್ಯೋಕೆ ಬಂದರೆ ಅಪ್ಪ ಈ ಬೀದಿಯಲ್ಲೇ ನಿಲ್ಲಬೇಕಿತ್ತಂತೆ. ಅವರು ಡಬ್ಬಗಳನ್ನ ಜಗಲಿ ಮೇಲಿಟ್ಟು ಒಳಗೆ ಹೋದ ಮೇಲೆ ಎತ್ಕೋಬೇಕಿತ್ತಂತೆ. ಇದನ್ನ ಅಪ್ಪ ನಮಗೆ ಯಾವತ್ತೂ ಹೇಳಿರಲಿಲ್ಲ. ವಾಪಸ್ ಬರೋವಾಗ ಕಾರಲ್ಲಿ ಹೇಳಿದ.

"ಇಳಿಸ್ರೋ" ಅಂದ. ನಾನೊಂದು ಕಡೆ, ಧರ್ಮೇಶ ಒಂದು ಕಡೆ. ಒಂದು ಪಾದ ನೆಲಕ್ಕೆ ಊರಿದ. ಇನ್ನೊಂದು ಊರಿ ಏಳೋಕೆ ನೋಡಿದ. ಮೊಣಕಾಲು ಕುಸೀತು. ಮತ್ತೊಂದು ಸಲ ನೋಡಿದ. ಬೆವರು ಇಳೀತು. ಧರ್ಮೇಶ "ಎತ್ಕೊಂಡು ಹೋಗ್ತೀನಿ ಅಪ್ಪ" ಅಂದ.

"ಬ್ಯಾಡ. ನನ್ನ ಕಾಲಲ್ಲಿ ಹತ್ಬೇಕು ಅಂತಿದ್ದೆ. ಬ್ಯಾಡ ಬಿಡು."

ಆ ನಾಲ್ಕು ಮೆಟ್ಟಿಲನ್ನ ಅವನಿಂದ ಕಿತ್ತುಕೊಂಡವಳು ನಾನು. ಅಪ್ಪ ನನ್ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಸೀಟಿಗೆ ಎತ್ತಿ ಕೂರಿಸಿ ದಿಂಬು ಸರಿ ಮಾಡಿದ್ವಿ. ಹಿತಾ ಕಾಫಿಯನ್ನ ಕಾರಿಗೇ ತಂದುಕೊಟ್ಟಳು. ಅವರು ಕುಡಿಯೋ ಲೋಟಾನೇ. ಅಪ್ಪ ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಗುಟುಕು ಕುಡಿದ.

ವೆಂಕಟರಾಮಯ್ಯನವರ ಕಣ್ಣು ಒದ್ದೆಯಾಗಿತ್ತು. "ಪರವಾಗಿಲ್ಲ ಬಿಡಿ ಗಿಡ್ಡಯ್ಯನವರೇ. ಸ್ವಲ್ಪ ಸುಧಾರಿಸ್ಕೊಳ್ಳಿ. ಇನ್ನೊಂದ್ಸಲ ಬಂದಾಗ ಒಳಗೇ ಬಂದು ಕೂತ್ಕೊಳ್ಳೋರಂತೆ" ಅಂದರು.

ಅಪ್ಪ ನನ್ನ ಕಡೆ ನೋಡಿದ.

"ಇನ್ನೊಂದ್ಸಲ ಬರೋಕಾಗಲ್ಲ ಸರ್" ಅಂದೆ. "ಇದೇ ಕೊನೆ."

ಅಪ್ಪ ಹೂಂ ಅಂದು, ಉಳಿದ ಕಾಫಿ ಕುಡಿದು, ಲೋಟ ನನ್ನ ಕೈಗೆ ಕೊಟ್ಟ.